ಇಂಚಿಗೆ ಎಂಟು ಹೊಲಿಗೆ

ಶೋಭಾರಾಣಿಯ ಕೌದಿ ನಿನ್ನೆ ಸಂಜೆ ತೂಗುಹಾಕಿದ್ದ ಜಾಗದಲ್ಲಿ ಇರಲಿಲ್ಲ. ಬಾಗಿಲು ದಾಟಿದರೆ ಎದುರಿಗೇ ಕಾಣುವ ಗೋಡೆ ಅದು. ಅಲ್ಲಿ ಈಗ ಬೇರೆ ಯಾರದೋ ಕೌದಿ ನೇತಾಡುತ್ತಿತ್ತು, ಹಳದಿ ಬಟ್ಟೆಯ ನಡುವೆ ತಟ್ಟೆಯಗಲದ ಕೆಂಪು ಸೂರ್ಯ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬಸವೇಶ್ವರನಗರದ ಆ ಮಹಿಳಾ ಸಂಘದ ಹಾಲಿನಲ್ಲಿ ಕೌದಿ ಸ್ಪರ್ಧೆಗೆ ಬಂದದ್ದು ನಲವತ್ತೊಂದು. ಅವಳದೊಂದು ಬಿಟ್ಟು ಮಿಕ್ಕ ನಲವತ್ತೂ ಗೋಡೆಯ ಮೇಲೆ ಸುಖವಾಗಿದ್ದವು.

"ಇದೇನವ್ವ, ನಮ್ದೆಲ್ಲೋಯ್ತು?" ಎಂದಳು ಜೊತೆಗೆ ಬಂದಿದ್ದ ಬೋರಮ್ಮಜ್ಜಿ. "ನೆನ್ನೆ ಇಲ್ಲೇ ತಾನೆ ನೇತಾಕಿದ್ದು? ಯಾವನ್ ಎತ್ಕಂಡೋದ?"

ಬೋರಮ್ಮಜ್ಜಿ ಹೆಗ್ಗನಹಳ್ಳಿಯಲ್ಲಿ ಶೋಭಾರಾಣಿ ಬಾಡಿಗೆಗಿರುವ ಮನೆಯ ಒಡತಿ. ವಯಸ್ಸು ಎಂಬತ್ತರ ಹತ್ತಿರ, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತೈದು. ಅವಳ ದನಿ ಕೇಳಿ ಹಾಲಿನಲ್ಲಿದ್ದ ನಾಲ್ಕೈದು ಹೆಂಗಸರು ತಿರುಗಿ ನೋಡಿದರು. ಸಂಘದ ಕಾರ್ಯದರ್ಶಿ ಕವನಾ ಮಾತ್ರ, ಕೊರಳಲ್ಲಿ ಬ್ಯಾಡ್ಜು ತೂಗಿಕೊಂಡು ಅಲ್ಲೇ ಓಡಾಡುತ್ತಿದ್ದವಳು, ಇವರನ್ನು ಕಂಡವಳೇ ಮುಖ ಬೇರೆ ಕಡೆ ತಿರುಗಿಸಿದಳು. ಆ ತಿರುಗಿಸಿದ್ದರಲ್ಲೇ ಶೋಭಾರಾಣಿಗೆ ಅರ್ಧ ಗೊತ್ತಾಯಿತು. ಇಪ್ಪತ್ತನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಿಟ್ಟವಳಿಗೆ, ಮುಖ ತಿರುಗಿಸುವವರು ಎಂಥ ಸುದ್ದಿ ಇಟ್ಟುಕೊಂಡಿರುತ್ತಾರೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

"ಮೇಡಂ, ನನ್ ಕೌದಿ?"

"ಆಂಟಿ... ಅದೂ... ಒಂದ್ ನಿಮಿಷ ಈ ಕಡೆ ಬನ್ನಿ."

ಈ ಕಡೆ ಎಂದರೆ ಹಾಲಿನ ಹಿಂದುಗಡೆ. ಕಾಫಿ ಫ್ಲಾಸ್ಕು, ಪೇಪರ್ ಲೋಟ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಅವುಗಳ ಮಧ್ಯೆ ಒಂದು ಟೇಬಲ್ಲಿನ ಮೇಲೆ ಕೌದಿ ಬಿದ್ದಿತ್ತು. ಮಡಿಸಿದವರಿಗೆ ಮಡಿಸುವುದಕ್ಕೂ ಬಂದಿರಲಿಲ್ಲ. ಕನ್ನಡಿ ಚೂರುಗಳು ಒಂದಕ್ಕೊಂದು ಉಜ್ಜುವ ಹಾಗೆ ಮುದ್ದೆ ಮಾಡಿ ಎಸೆದಿದ್ದರು. ಮೇಲೆ ಒಂದು ಕಾರ್ಡು ಇತ್ತು: 'ಮಿಷಿನ್ ಕೆಲಸ. ಸ್ಪರ್ಧೆಗಿಲ್ಲ.'

ಶೋಭಾರಾಣಿ ಅದನ್ನು ಎರಡು ಸಲ ಓದಿದಳು. ಮೂರನೇ ಸಲ ಓದುವಾಗ ಕಿವಿ ಬಿಸಿಯಾಗಿತ್ತು. ಹದಿನಾಲ್ಕು ತಿಂಗಳು ಬೆರಳು ಚುಚ್ಚಿಸಿಕೊಂಡು ಹೊಲಿದದ್ದಕ್ಕೆ ಮಿಷಿನ್ ಕೆಲಸವಂತೆ! ಹೇಳಲಿಕ್ಕಾದರೂ ನಾಲಿಗೆ ಹೇಗೆ ಹೊರಳಿತು? ಸ್ಪರ್ಧೆಗಿದ್ದ ನಿಯಮ ಒಂದೇ ಒಂದು, ಪೂರ್ತಿ ಕೈಯಲ್ಲೇ ಹೊಲಿದಿರಬೇಕು ಅಂತ. ಅದನ್ನು ಅವಳು ದೇವರ ವ್ರತದ ಹಾಗೆ ಪಾಲಿಸಿದ್ದಳು.

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಾಲುಹೊಲಿಗೆ ಹಾಕುವ ಕೌದಿ ಕೆಲಸ ಕಲಿಸಿದವಳು ಬೋರಮ್ಮಜ್ಜಿ. ಮೇಲಿನ ಚಿತ್ರ ಮಾತ್ರ ಶೋಭಾರಾಣಿಯ ಸ್ವಂತದ್ದು. ಬೆಳಗ್ಗೆ ಎಂಟು ಗಂಟೆಯ ಸುಂಕದಕಟ್ಟೆ ಅದು. ಬಟ್ಟೆ ತುಂಡುಗಳನ್ನು ಕತ್ತರಿಸಿ ಕೂರಿಸಿದ ಹೆಂಗಸರು ಗುಂಪುಗುಂಪಾಗಿ ಫ್ಯಾಕ್ಟರಿ ಗೇಟಿನ ಕಡೆ ಓಡುತ್ತಿದ್ದಾರೆ. ಅವರ ಸೀರೆಗೆ ನಿಜವಾದ ಜರಿಯ ಅಂಚು, ಜಡೆಗೆ ಉಲ್ಲನ್ ದಾರ, ಊಟದ ಡಬ್ಬಿಗೆ ಶರ್ಟಿನ ಗುಂಡಿ, ಬಸ್ಸಿನ ಕಿಟಕಿಗೆ ಕನ್ನಡಿ ಚೂರು. ಆಕಾಶದಲ್ಲಿ ಆರಿ ಸೂಜಿಯಿಂದ ಎತ್ತಿದ ಸರಪಳಿ ಹೊಲಿಗೆಯ ಮೋಡ, ಕೆಳಅಂಚಿಗೆ ಸೆರಗಿಗೆ ಕಟ್ಟುವಂಥ ಕುಚ್ಚು. ನಡುವೆ ಉದ್ದಕ್ಕೂ ಮಾಗಡಿ ರಸ್ತೆ, ಅದೊಂದು ಬೂದು ಬಣ್ಣದ ಜಿಪ್ಪು. ಜಿಪ್ಪನ್ನು ಎಳೆದರೆ ರಸ್ತೆ ಬಾಯಿಬಿಟ್ಟು ಒಳಗೆ ರಾಗಿ ಹೊಲ ಕಾಣುತ್ತದೆ, ಒಂದೊಂದು ಕಾಳಿಗೂ ಒಂದೊಂದು ದಾರದ ಗಂಟು. "ಈ ರಸ್ತೆ ಅಗಲ ಮಾಡೋಕ್ ಮುಂಚೆ ಇಲ್ಲೆಲ್ಲಾ ನಮ್ ರಾಗಿ ಕಣವ್ವ" ಎಂದು ಬೋರಮ್ಮಜ್ಜಿ ಒಂದು ಮಧ್ಯಾಹ್ನ ಹೇಳಿದ್ದಳು, ಅದಕ್ಕೆ ಹುಟ್ಟಿದ ಹೊಲ. ಮೊದಲ ಸಲ ಜಿಪ್ಪು ಎಳೆದು ನೋಡಿದಾಗ ಮುದುಕಿ ಅರ್ಧ ಗಂಟೆ ಮಾತೇ ಆಡಿರಲಿಲ್ಲ. ಅವಳ ಜನ್ಮದಲ್ಲಿ ಅದೊಂದು ದಾಖಲೆ.

ಬಹುಮಾನ ಬಂದರೆ ಬೇಡ ಅನ್ನುವಷ್ಟು ದೊಡ್ಡ ಮನುಷ್ಯಳೇನಲ್ಲ ಶೋಭಾರಾಣಿ. ಆದರೆ ಅವಳಿಗೆ ನಿಜಕ್ಕೂ ಬೇಕಿದ್ದದ್ದು ಕೌದಿಯ ಪಕ್ಕ ಅಂಟಿಸುವ ಅಂಗೈಯಗಲದ ಕಾರ್ಡು. ಅವಳು ಕಾಲರ್ ಕೂರಿಸಿದ ಶರ್ಟುಗಳು ಪ್ರಪಂಚದ ಯಾವ ಯಾವ ಮೂಲೆಗೋ ಹೋದವು, ಯಾರು ಯಾರ ಮೈಮೇಲೋ ಮದುವೆ ಮುಂಜಿ ನೋಡಿದವು. ಒಂದರ ಮೇಲಾದರೂ ಇದು ಶೋಭಾರಾಣಿ ಹೊಲಿದದ್ದು ಅಂತ ಇತ್ತೆ? ನಿನ್ನೆ ಸಂಜೆ ಮೊದಲ ಸಲ ಅಚ್ಚುಕಟ್ಟಾಗಿ ಬರೆದದ್ದನ್ನು ಕಣ್ತುಂಬ ನೋಡಿದ್ದಳು: 'ಶೋಭಾರಾಣಿ, ಹೆಗ್ಗನಹಳ್ಳಿ. ಕೈ ಹೊಲಿಗೆ.' ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದಳು. ಈಗ ಆ ಕಾರ್ಡು ಕಾಫಿ ಲೋಟಗಳ ಜೊತೆ ಕಸದ ಬುಟ್ಟಿಯಲ್ಲಿ ಬಿದ್ದಿತ್ತು, ಎರಡು ತುಂಡಾಗಿ.

"ಯಾರ್ ಮೇಡಂ ಹೀಗ್ ಬರ್ದಿದ್ದು?"

"ಜಡ್ಜ್ ಸಾರ್ ಆಂಟಿ. ನಿನ್ನೆ ನೀವು ಹೋದ್ಮೇಲೆ ರೌಂಡ್ ಬಂದ್ರು. ನನಗೇನೂ ಗೊತ್ತಾಗಲ್ಲ, ಅವರು ಹೇಳಿದ್ ಹಾಗೆ..."

ಜಡ್ಜ್ ಚಕ್ರಪಾಣಿಯವರು ಆ ಹೊತ್ತಿಗೆ ಕಾಫಿಗೆಂದು ಅಲ್ಲಿಗೇ ಬಂದರು. ಕಾಲೇಜಿನಲ್ಲಿ ಕರಕುಶಲ ಕಲೆಯ ಪಾಠ ಹೇಳಿ ನಿವೃತ್ತರಾದವರು. ಖಾದಿ ಕುರ್ತಾ, ಕೊರಳಿಗೆ ದಾರದಲ್ಲಿ ಕಟ್ಟಿದ ಕನ್ನಡಕ, ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಕವನಾ ಪಿಸುಗುಟ್ಟಿದ್ದನ್ನು ಕೇಳಿ ಅವರು ಶೋಭಾರಾಣಿಯ ಕಡೆ ಬಹಳ ಮೃದುವಾಗಿ ನಕ್ಕರು. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಿಮ್ಮ. ಡಿಸೈನ್ ತುಂಬಾ ಚೆನ್ನಾಗಿದೆ. ಆ ಜಿಪ್ ಐಡಿಯಾ ಅಂತೂ ಬ್ರಿಲಿಯಂಟ್. ಆದ್ರೆ ಹ್ಯಾಂಡ್‌ಮೇಡ್ ಅಲ್ಲ. ನಾನು ಮೂವತ್ತು ವರ್ಷದಿಂದ ಇದನ್ನೇ ನೋಡ್ತಾ ಇದೀನಿ."

"ಯಾವ್ದು ಸಾರ್ ಅಲ್ಲ?"

ಅವರು ಸ್ಕೇಲು ತೆಗೆದು ಕೌದಿಯ ಸಾಲುಹೊಲಿಗೆಯ ಮೇಲಿಟ್ಟರು. "ನೋಡಿ. ಇಂಚಿಗೆ ಎಂಟು. ಇಲ್ಲೂ ಎಂಟು. ಆ ತುದೀಲೂ ಎಂಟು. ಮನುಷ್ಯರ ಕೈ ಹೀಗ್ ಹೋಗಲ್ಲಮ್ಮ. ಒಂದ್ ಕಡೆ ಆರಾಗುತ್ತೆ, ಒಂದ್ ಕಡೆ ಒಂಬತ್ತಾಗುತ್ತೆ. ಆ ಸೊಟ್ಟದಲ್ಲೇ ಕೈಕೆಲಸದ ಜೀವ ಇರೋದು."

ಅಳೆದ ಕಡೆಯೆಲ್ಲ ಅವರು ನಿನ್ನೆಯೇ ಹಳದಿ ಚೀಟಿ ಅಂಟಿಸಿದ್ದರು. ಶೋಭಾರಾಣಿ ಒಂದು ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದಳು. ಫ್ಯಾಕ್ಟರಿಯಲ್ಲಿ ಚೆಕ್ಕರ್ ಹುಡುಗಿಯರು ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತಿದ್ದರು. ಹೊಲಿಗೆ ಒಂದು ನೂಲಿನಷ್ಟು ಸೊಟ್ಟಗಾಗಿದ್ದರೂ ಸಾಕು, "ಆಲ್ಟರ್!" ಎಂದು ಕೂಗಿ ಸೂಪರ್‌ವೈಸರ್ ಶರ್ಟನ್ನು ಮುಖಕ್ಕೇ ಎಸೆಯುತ್ತಿದ್ದ. ಬಿಚ್ಚಬೇಕು, ಮತ್ತೆ ಹೊಲಿಯಬೇಕು, ಅಷ್ಟರಲ್ಲಿ ಗಂಟೆಯ ಟಾರ್ಗೆಟ್ಟು ತಪ್ಪಿ ಮತ್ತೊಂದು ಸುತ್ತು ಬೈಗುಳ. "ಕಣ್ಣೇನ್ ಹಿಂದಕ್ಕಿದೆಯಾ? ಕೈಯೇನ್ ಕಾಲಾ?" ಮೊದಲ ಎರಡು ವರ್ಷ ಅವಳು ಅಲ್ಲಿನ ಬಚ್ಚಲಲ್ಲಿ ನಿಂತು ಅತ್ತದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಕೈ ಸೊಟ್ಟಗೆ ಹೋಗುವುದನ್ನೇ ಮರೆಯಿತು. ಅಲ್ಲ, ಸೊಟ್ಟ ಎಂದು ಇಪ್ಪತ್ತನಾಲ್ಕು ವರ್ಷ ಉಗಿಸಿಕೊಂಡಾಯಿತು, ಈಗ ನೆಟ್ಟಗಿದೆ ಎಂದು ಉಗಿಸಿಕೊಳ್ಳಬೇಕೆ? ಈ ಜನಕ್ಕೆ ಬಡವರ ಕೈ ಯಾವ ಕಡೆ ಹೋದರೆ ಸರಿ?

"ಕೈಯಲ್ಲೇ ಹೊಲ್ದಿದ್ದು ಸಾರ್," ಎಂದಳು. "ಒಂದೊಂದ್ ಸಾಲೂ."

"ಮನೇಲಿ ಮಿಷಿನ್ ಇದ್ಯಾ?"

"ಇದೆ ಸಾರ್. ಫಾಲ್ ಹಾಕ್ತೀನಿ, ಬ್ಲೌಸ್ ಹೊಲೀತೀನಿ."

ಚಕ್ರಪಾಣಿಯವರು ಕವನಾಳ ಕಡೆ ನೋಡಿ ಹುಬ್ಬು ಎತ್ತಿದರು, ಕೇಸು ಮುಗಿಯಿತು ಎನ್ನುವಂತೆ.

"ಮನೇಲ್ ಮಚ್ಚೈತೆ ಅಂದ್ರೆ ಕೊಲೆ ಮಾಡವ್ಳೆ ಅಂತೀಯೇನಪ್ಪಾ?" ಬೋರಮ್ಮಜ್ಜಿ ಮುಂದೆ ಬಂದಳು. "ದಿನಾ ಮದ್ಯಾನ ನನ್ ಜಗಲಿ ಮ್ಯಾಲ್ ಕೂತ್ಕಂಡು ವಲೀತಿದ್ಲು. ನಾನೇ ಸೂಜಿಗೆ ದಾರ ಪೋಣಿಸ್ಕೊಡ್ತೀನಿ ಅಂತೋಗಿ, ಕಣ್ ಕಾಣ್ದೆ ಬೈಸ್ಕಂಡಿವ್ನಿ."

"ಅಜ್ಜಿ, ಈಗ ಕೈಹೊಲಿಗೆ ಥರಾನೇ ಗ್ಯಾಪ್ ಬಿಟ್ಟು ಹೊಲಿಯೋ ಮಿಷಿನ್ ಬಂದಿದೆ. ನಿಮಗ್ ಗೊತ್ತಾಗಲ್ಲ."

"ಗೊತ್ತಾಗ್ದೆ ಇರೋದು ಯಾರ್ಗೆ ಅಂತ ಕಾಣ್ತಾನೇ ಐತೆ ಬುಡು."

ಕವನಾ ಕೈ ಕೈ ಹಿಸುಕಿಕೊಂಡಳು. ಹನ್ನೆರಡು ಗಂಟೆಗೆ ಮುಖ್ಯ ಅತಿಥಿಗಳು ಬರುವವರಿದ್ದರು. ಆರು ಕೊಟ್ಟರೆ ಅತ್ತೆ ಕಡೆ, ಮೂರು ಕೊಟ್ಟರೆ ಸೊಸೆ ಕಡೆ ಎನ್ನುವ ಜಾತಿ ಅವಳದು, ಕೆಟ್ಟವಳಲ್ಲ. "ಸಾರ್, ಏನಾದ್ರೂ ಒಂದ್ ದಾರಿ ಮಾಡಿ ಸಾರ್," ಎಂದಳು. "ಆಂಟಿ ನಿನ್ನೆ ಎಷ್ಟ್ ಖುಷಿಯಾಗಿದ್ರು."

ಚಕ್ರಪಾಣಿಯವರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡು ಉದಾರಿಗಳಾದರು. "ಒಂದ್ ಕೆಲ್ಸ ಮಾಡಿಮ್ಮ. ಒಂದು ಮೂಲೆ ಬಿಚ್ಚಿ, ನನ್ನೆದುರಿಗೆ ಮತ್ತೆ ಹೊಲೀರಿ. ಸ್ವಾಭಾವಿಕವಾಗಿ ಹೊಲೀರಿ, ಸೊಟ್ಟಪಟ್ಟ ಆಗ್ಲಿ, ಅದೇ ಬೇಕು ನಂಗೆ. ಒಂದ್ ಕಡೆಯಾದ್ರೂ ಕೈ ಕಾಣ್ಸಿದ್ರೆ ಗೋಡೆಗೆ ಹಾಕ್ಸೋಣ."

ಎತ್ತಿಕೊಂಡು ಮನೆಗೆ ಹೋಗಿಬಿಡಬೇಕು ಎಂದು ಶೋಭಾರಾಣಿಗೆ ಅನ್ನಿಸಿತು. ಕೌದಿಯ ಅಂಚನ್ನು ಹಿಡಿದದ್ದೂ ಆಯಿತು. ಆದರೆ ಹೋದರೆ 'ಮಿಷಿನ್ ಕೆಲಸ' ಎಂಬ ಮಾತು ಇಲ್ಲಿ ಉಳಿಯುತ್ತದೆ. ಸಿಕ್ಕಿಬಿದ್ದಳು, ಅದಕ್ಕೇ ಓಡಿಹೋದಳು ಅನ್ನುತ್ತಾರೆ. ಮಾಡದ ತಪ್ಪಿಗೆ ಓಡಿಹೋದವಳ ಹೆಸರು ಬೇರೆ ಬೇಕೆ? ಅವಳು ಚೀಲದಿಂದ ಸೂಜಿ, ದಾರ, ಪುಟ್ಟ ಕತ್ತರಿ ತೆಗೆದಳು.

"ಆಯ್ತು ಸಾರ್. ಈ ಮೇಲಿನ ಮೂಲೆ ಬಿಚ್ತೀನಿ."

"ಅದಲ್ಲ, ಇದು." ಅವರು ಕೆಳಗಿನ ಬಲಮೂಲೆ ಮುಟ್ಟಿದರು. "ಇಲ್ಲಿ ದಪ್ಪ ಇದೆ. ಒಳಗೇನೋ ಕಾಳಿನ ಥರ ಸಿಗ್ತಿದೆ."

"ಆ ಮೂಲೆ ಮುಟ್ಬ್ಯಾಡಿ!" ಎಂದು ಬೋರಮ್ಮಜ್ಜಿ ಕೂಗಿದಳು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ರಾಗಿ ತುಂಬುವುದು ಬೋರಮ್ಮಜ್ಜಿಯ ಮನೆಯ ರೂಢಿ. ಹಸಿದ ಹೊಟ್ಟೆಯ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ಅವಳ ಅತ್ತೆ ಹೇಳಿಕೊಟ್ಟದ್ದಂತೆ. ಒಮ್ಮೆ ಮುಚ್ಚಿದ ಆ ಮೂಲೆಯನ್ನು ಕೌದಿ ಚಿಂದಿಯಾಗುವವರೆಗೆ ಯಾರೂ ಬಿಚ್ಚುವುದಿಲ್ಲ. ಶೋಭಾರಾಣಿ ಇದನ್ನು ಚಕ್ರಪಾಣಿಯವರಿಗೆ ವಿವರಿಸಿದಳು. ಅವರು ತಲೆಯಾಡಿಸಿ ಕೇಳಿದರು, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು ಕೂಡ. ಆಮೇಲೆ, "ಸರಿ, ಆದ್ರೂ ಅದೇ ಮೂಲೆ ಬಿಚ್ಚಿ. ಬೇಡ ಅಂತಿರೋ ಮೂಲೇನೇ ನಾನು ನೋಡ್ಬೇಕಾಗಿರೋದು," ಎಂದರು.

ಬಿಚ್ಚಿದಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಕತ್ತರಿಸುವಾಗ ಅವಳ ಹಲ್ಲು ಬಿಗಿದಿತ್ತು. ಪದರ ಬಾಯಿಬಿಟ್ಟಿತು, ರಾಗಿ ಹರಿದು ಟೇಬಲ್ಲಿನಿಂದ ನುಣುಪು ನೆಲಕ್ಕೆ ಚೆಲ್ಲಾಡಿತು. ಬೋರಮ್ಮಜ್ಜಿ ಕೆಳಗೆ ಕೂತು ಒಂದೊಂದೇ ಕಾಳನ್ನು ಬೆರಳಿಗೆ ಅಂಟಿಸಿಕೊಂಡು ಆರಿಸತೊಡಗಿದಳು. "ವಟ್ಟೆ ಬಗುದ್ರಲ್ಲೋ," ಎನ್ನುತ್ತಿದ್ದಳು. "ತುಂಬಿದ್ ವಟ್ಟೆ ಬಗುದ್ರಲ್ಲೋ, ನಿಮ್ ಕೈ ಸೇದೋಗ!"

ಗಲಾಟೆಗೆ ಹಾಲಿನಲ್ಲಿದ್ದ ಹೆಂಗಸರೆಲ್ಲ ಹಿಂದುಗಡೆಗೆ ಬಂದು ಸುತ್ತ ನಿಂತರು. ಶೋಭಾರಾಣಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು, ಅಜ್ಜಿ ಆರಿಸಿ ಕೊಟ್ಟ ರಾಗಿಯನ್ನು ಮತ್ತೆ ಒಳಗೆ ತುಂಬಿದಳು, ಹೊಲಿಯತೊಡಗಿದಳು.

ಸೊಟ್ಟ ಬೇಕು ತಾನೆ? ಕೊಟ್ಟರಾಯಿತು. ಒಂದು ಉದ್ದ, ಒಂದು ಗಿಡ್ಡ, ಇಷ್ಟೇ ತಾನೆ. ನಾಚಿಕೆ ಬಿಟ್ಟು ಹೊಲಿದರೆ ಐದು ನಿಮಿಷದಲ್ಲಿ ಕಾರ್ಡು ವಾಪಸ್ಸು ಬರುತ್ತದೆ. ಅವಳು ಮನಸ್ಸಿನಲ್ಲಿ ಕೈಗೆ ಹೇಳಿದಳು, ಸೊಟ್ಟ ಹೋಗು, ಸೊಟ್ಟ ಹೋಗು. ಎರಡಿಂಚು ಹೊಲಿದು ನೋಡಿದರೆ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗಿದೆ. ಕವನಾ ಸ್ಕೇಲು ಇಟ್ಟಳು. ಎಂಟು.

"ರಿಲ್ಯಾಕ್ಸ್ ಆಗಿ ಹೊಲೀರಿಮ್ಮ," ಎಂದರು ಚಕ್ರಪಾಣಿ.

ಬಿಚ್ಚಿ ಮತ್ತೆ ಹೊಲಿದಳು. ಈ ಸಲ ಬೇಕೆಂದೇ ಸೂಜಿಯನ್ನು ದೂರ ಚುಚ್ಚಲು ಹೋದಳು. ಸೂಜಿ ಚುಚ್ಚುವ ಹೊತ್ತಿಗೆ ಬೆರಳು ತಾನಾಗಿ ಹಿಂದೆ ಬಂತು. ಮತ್ತೆ ಎಂಟು. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಮೂರನೇ ಸಲ ಶೋಭಾರಾಣಿ ಬಟ್ಟೆಯನ್ನು ನೋಡಲೇ ಇಲ್ಲ. ಕಣ್ಣು ಚಕ್ರಪಾಣಿಯವರ ಮುಖದ ಮೇಲೆ ನೆಟ್ಟು, ರೆಪ್ಪೆ ಹೊಡೆಯದೆ, ಮೂಲೆಯ ಈ ತುದಿಯಿಂದ ಆ ತುದಿಗೆ ಹೊಲಿದು ದಾರ ಕಡಿದಳು. ಅವರು ಕನ್ನಡಕ ಏರಿಸಿಕೊಂಡು ತಾವೇ ಬಗ್ಗಿ ಅಳೆದರು. ಎಂಟು, ಎಂಟು, ಎಂಟು.

ಹೆಂಗಸರು ಚಪ್ಪಾಳೆ ಹೊಡೆದರು. ಹಳದಿ ಕೌದಿಯ ಒಡತಿ ಧನ್ಯಶ್ರೀ, ವಿಜಯನಗರದಲ್ಲಿ ಬೊಟಿಕ್ ಇಟ್ಟಿರುವ ಹುಡುಗಿ, "ಸೂಪರ್ ಆಂಟಿ!" ಎಂದು ಕೂಗಿದಳು. ಶೋಭಾರಾಣಿಗೆ ಮಾತ್ರ ಗೆದ್ದೆ ಅನ್ನಿಸಲಿಲ್ಲ. ಅಳು ಬಂದ ಹಾಗಾಯಿತು, ಅದನ್ನು ನುಂಗಿದರೆ ಸಿಟ್ಟಾಯಿತು. ಒಂದು ಹೊಲಿಗೆ, ಒಂದೇ ಒಂದು ಹೊಲಿಗೆ ತನ್ನ ಇಷ್ಟದಂತೆ ಸೊಟ್ಟ ಹಾಕುವಷ್ಟನ್ನೂ ಆ ಫ್ಯಾಕ್ಟರಿ ಇವಳ ಕೈಯಲ್ಲಿ ಉಳಿಸಿರಲಿಲ್ಲ. ಅದನ್ನು ಇಷ್ಟು ಜನರೆದುರು ಬಿಚ್ಚಿ ತೋರಿಸಿಕೊಂಡದ್ದಕ್ಕೆ ಚಪ್ಪಾಳೆ.

"ಅಮೇಜಿಂಗ್!" ಚಕ್ರಪಾಣಿಯವರು ಜೋರಾಗಿ ನಕ್ಕರು. "ನೀವೇ ಒಂದು ಮಿಷಿನ್ ಕಣ್ರೀ! ಕವನಾ, ಹಾಕ್ಸಮ್ಮ ಗೋಡೆಗೆ. ಕಾರ್ಡ್ ನಾನೇ ಬರೀತೀನಿ."

ಕೌದಿ ಮತ್ತೆ ಎದುರುಗೋಡೆಗೆ ಏರಿತು, ಧನ್ಯಶ್ರೀಯ ಸೂರ್ಯ ಪಕ್ಕಕ್ಕೆ ಸರಿಯಿತು. ಹಳದಿ ಚೀಟಿಗಳನ್ನು ಕಿತ್ತು ಹಾಕಿದರು. ಕವನಾ "ಎಲ್ಲಾ ಸರಿಹೋಯ್ತಲ್ಲ ಆಂಟಿ, ಕಾಫಿ ಕುಡೀರಿ" ಎಂದು ಲೋಟ ಕೈಗಿಟ್ಟಳು. ಬೋರಮ್ಮಜ್ಜಿ ಹೊಸ ಕಾರ್ಡಿನ ಮುಂದೆ ನಿಂತು ಕತ್ತು ಓರೆ ಮಾಡಿದಳು. ಅವಳಿಗೆ ಓದು ಬಾರದು.

"ನೆನ್ನೆದ್ಕಿಂತ ಉದ್ದುಕ್ ಬರ್ದವ್ರಲ್ಲವ್ವ. ಏನಂತೆ?"

ಶೋಭಾರಾಣಿ ಓದಿದಳು. 'ಶೋಭಾರಾಣಿ, ಹೆಗ್ಗನಹಳ್ಳಿ. ಕೈ ಹೊಲಿಗೆ. ನನ್ನ ಸಮ್ಮುಖದಲ್ಲಿ ಪರೀಕ್ಷಿಸಿ ಖಚಿತಪಡಿಸಲಾಗಿದೆ.' ಕೆಳಗೆ ಚಕ್ರಪಾಣಿಯವರ ಸಹಿ, ಅವಳ ಹೆಸರಿಗಿಂತ ದಪ್ಪಕ್ಷರದಲ್ಲಿ.

"ಸಂತೇಲಿ ದನದ್ ಬಾಯ್ ಬುಡ್ಸಿ ಹಲ್ ನೋಡ್ದಂಗಾಯ್ತು," ಎಂದಳು ಬೋರಮ್ಮಜ್ಜಿ.

ಕಾಫಿ ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಶೋಭಾರಾಣಿ ಹಾಲಿನ ಸುತ್ತ ಒಂದು ಸುತ್ತು ನಡೆದಳು. ನಲವತ್ತು ಕಾರ್ಡುಗಳನ್ನೂ ನಿಂತು ನಿಂತು ಓದಿದಳು. ರಾಜಾಜಿನಗರದವರು, ಕೆಂಗೇರಿಯವರು, ಇಲ್ಲೇ ಮೂರನೇ ಅಡ್ಡರಸ್ತೆಯವರು. ಹೆಸರು, ಊರು, ಕೈ ಹೊಲಿಗೆ. ಅಷ್ಟೇ. ಪರೀಕ್ಷೆ ಎಂಬ ಮಾತು ಒಂದರಲ್ಲೂ ಇರಲಿಲ್ಲ. ಇಷ್ಟು ಜನರ ಮಾತನ್ನು ಮಾತೆಂದು ನಂಬಿದ್ದಾರೆ, ಇವಳೊಬ್ಬಳದಕ್ಕೆ ಜಾಮೀನು. ಈ ಸಲ ಅವಳ ಕಿವಿ ಬಿಸಿಯಾಗಲಿಲ್ಲ. ಸಿಟ್ಟು ಕುದಿದು ಕುದಿದು ತಳ ಕಂಡಮೇಲೆ ಮನುಷ್ಯರಿಗೆ ಒಂಥರಾ ತಣ್ಣಗಿನ ಧೈರ್ಯ ಬರುತ್ತದಲ್ಲ, ಅದು ಬಂದಿತ್ತು.

ನೇರ ಧನ್ಯಶ್ರೀಯ ಹತ್ತಿರ ಹೋಗಿ ಸೂಜಿ ಮುಂದೆ ಹಿಡಿದಳು.

"ತಗೊಳಮ್ಮ. ನಿಮ್ ಕೌದಿ ಒಂದ್ ಮೂಲೆ ಬಿಚ್ಚಿ, ಎಲ್ಲರೆದುರಿಗೆ ಮತ್ತೆ ಹೊಲ್ದು ತೋರ್ಸಿ."

ಧನ್ಯಶ್ರೀ ನಕ್ಕಳು, ತಮಾಷೆ ಎಂದುಕೊಂಡು. ಸೂಜಿ ಹಿಂದಕ್ಕೆ ಹೋಗದ್ದನ್ನು ನೋಡಿ ನಗು ನಿಂತಿತು.

"ಯಾಕೆ ಆಂಟಿ?"

"ನೀವೇ ಹೊಲ್ದಿದ್ದು ಅಂತ ಗೊತ್ತಾಗ್ಲಿ ಅಂತ."

"ಏನ್ರೀ ಇದು?" ಧನ್ಯಶ್ರೀಯ ಮುಖ ಕೆಂಪಾಯಿತು. "ನಾನ್ ಹೊಲ್ದಿದೀನಿ ಅಂತ ಹೇಳ್ತಾ ಇದೀನಲ್ಲ? ನನ್ನೇನು ಕಳ್ಳಿ ಅಂದ್ಕೊಂಡಿದೀರಾ?"

ಶೋಭಾರಾಣಿ ಸೂಜಿ ಕೆಳಗಿಳಿಸಿದಳು.

"ಇದೇ ಮಾತು ಕಣಮ್ಮ," ಎಂದಳು ಶೋಭಾರಾಣಿ. "ಬೆಳಗ್ಗೆಯಿಂದ ಇದೇ ಮಾತು ನನ್ ಗಂಟಲಲ್ಲಿ ಸಿಕ್ಕಾಕೊಂಡಿತ್ತು. ನಿಮ್ ಬಾಯಿಗೆ ಎಷ್ಟ್ ಸಲೀಸಾಗಿ ಬಂತು ನೋಡಿ. ನಿಮ್ಮನ್ ಕೇಳಿದ್ರೆ ಅವಮಾನ. ನನ್ನನ್ ಕೇಳಿದ್ರೆ ಪರೀಕ್ಷೆ. ಅದಕ್ಕೆ ನೀವೆಲ್ಲಾ ಚಪ್ಪಾಳೆ ಬೇರೆ ಹೊಡೆದ್ರಿ."

ಧನ್ಯಶ್ರೀ ತಲೆ ತಗ್ಗಿಸಿದಳು. ಶೋಭಾರಾಣಿ ಚಕ್ರಪಾಣಿಯವರ ಕಡೆ ತಿರುಗಿದಳು.

"ಸಾರ್, ಮಿಕ್ಕಿದ್ ನಲವತ್ತು ಕಾರ್ಡಿಗೂ ಪರೀಕ್ಷೆ ಮಾಡಿ ಸೈನ್ ಹಾಕಿ. ಆಗಲ್ವಾ, ನಂದ್ರಲ್ಲಿ ತೆಗೀರಿ."

"ಅಯ್ಯೋ, ಅದು ನಿಮ್ಮ ಒಳ್ಳೇದಕ್ಕೇ ಹಾಕಿದ್ದಮ್ಮ. ನಾಳೆ ಯಾರಾದ್ರೂ ಬಂದು ಅನುಮಾನ ಪಟ್ರೆ ನಿಮ್ಗೇ ಸಪೋರ್ಟ್ ಆಗುತ್ತೆ."

"ಅನುಮಾನ ಪಟ್ಟಿದ್ದು ನೀವೊಬ್ರೇ ಸಾರ್."

ಕೆಳಗೆ ಕಾರು ನಿಂತ ಸದ್ದಾಯಿತು. ಕವನಾ ಕಿಟಕಿಯಿಂದ ಬಗ್ಗಿ ನೋಡಿ, "ಗೆಸ್ಟ್ ಬಂದ್ರು, ಪ್ಲೀಸ್ ಆಂಟಿ, ಇದೆಲ್ಲ ಆಮೇಲೆ ಮಾತಾಡೋಣ," ಎಂದು ಗೋಗರೆದಳು. ಶೋಭಾರಾಣಿ ಕೌದಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು, ಕಾರ್ಡಿಗೆ ಅಡ್ಡವಾಗಿ. ಬೋರಮ್ಮಜ್ಜಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು, ಎಲೆಯಡಿಕೆ ಚೀಲ ತೆಗೆದು, ಸಂಜೆಯವರೆಗೆ ಏಳುವವಳಲ್ಲ ಎನ್ನುವಂತೆ ಎಲೆಗೆ ಸುಣ್ಣ ಸವರತೊಡಗಿದಳು.

"ಸಾರ್, ತೆಗೆದ್ಬಿಡಿ," ಎಂದಳು ಧನ್ಯಶ್ರೀ ಹಿಂದಿನಿಂದ. "ಅಥವಾ ನಂದಕ್ಕೂ ಹಾಕಿ. ಎರಡ್ರಲ್ಲಿ ಒಂದ್ ಮಾಡಿ."

ಚಕ್ರಪಾಣಿಯವರು ಸುತ್ತ ನೋಡಿದರು. ನೋಡಿದ ಮುಖಗಳಲ್ಲೆಲ್ಲೂ ಅವರ ಪರ ಏನೂ ಇರಲಿಲ್ಲ. ಪೆನ್ನು ತೆಗೆದು, ಕಾರ್ಡಿನ ಕೊನೆಯ ಸಾಲಿನ ಮೇಲೆ, ಸಹಿಯ ಮೇಲೆ ಗೀಟು ಎಳೆದರು.

"ಗೀಚಿದ್ದು ಬೇಡ ಸಾರ್," ಎಂದಳು ಶೋಭಾರಾಣಿ. "ಹೊಸದು ಬರೀರಿ."

ಮೆಟ್ಟಿಲ ಮೇಲೆ ಅತಿಥಿಗಳ ಚಪ್ಪಲಿ ಸದ್ದು ಕೇಳುತ್ತಿತ್ತು. ಅವರು ಹೊಸ ಕಾರ್ಡಿನಲ್ಲಿ ಬರೆದರು, 'ಶೋಭಾರಾಣಿ, ಹೆಗ್ಗನಹಳ್ಳಿ. ಕೈ ಹೊಲಿಗೆ.' ಅವಸರಕ್ಕೆ ಅಕ್ಷರ ಒಂದೆಡೆ ಮೇಲೆ, ಒಂದೆಡೆ ಕೆಳಗೆ ಹೋಗಿತ್ತು. ಕವನಾ ಅದನ್ನು ಕಿತ್ತುಕೊಂಡಂತೆ ಇಸಿದುಕೊಂಡು ಹಳೆಯದರ ಜಾಗಕ್ಕೆ ಅಂಟಿಸಿದಳು. ಶೋಭಾರಾಣಿ ಎದ್ದು ಓದಿದಳು, ಹೂಂ ಎಂದಳು, ಕುರ್ಚಿ ಪಕ್ಕಕ್ಕೆ ಸರಿಸಿದಳು.

ಚಕ್ರಪಾಣಿಯವರು ಪೆನ್ನಿನ ಮುಚ್ಚಳ ಹಾಕುತ್ತಾ, ಎಲ್ಲರಿಗೂ ಕೇಳುವ ಹಾಗೆ, ಹಳೆಯ ನಗು ನಗುತ್ತಾ ಕೇಳಿದರು: "ಏನಮ್ಮ, ಈಗ ಸಮಾಧಾನ ಆಯ್ತಾ?"

"ಇಲ್ಲ ಸಾರ್," ಎಂದಳು ಶೋಭಾರಾಣಿ. "ನೀವಿನ್ನೂ ತಪ್ಪಾಯ್ತು ಅಂದಿಲ್ಲ."